ಬೋಟಿನ ವಯರ್‌ಲೆಸ್ಸಿಗೆ ಅರ್ತ್ ಎಲ್ಲಿ?



ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಹಳೇ ಬಂದರು, ತದಡಿ, ಕಾರವಾರದ ಬೈತಖೋಲ, ಎಲ್ಲಿಗೆ ಹೋದರೂ ಆಗ ಸುತ್ತಿಗೆಯ ಸದ್ದು, ಬಣ್ಣದ ವಾಸನೆ. ದಡಕ್ಕೆ ಎಳೆದು ನಿಲ್ಲಿಸಿದ ಬೋಟಿನ ತಳ ಕಣ್ಣಿಗೆ ಬೀಳುವುದು ವರ್ಷದಲ್ಲಿ ಈ ಒಂದು ಹೊತ್ತಿನಲ್ಲಿ. ಬಡಗಿ, ಇಂಜಿನ್ ಮೆಕ್ಯಾನಿಕ್, ಬಲೆ ರಿಪೇರಿಯವರು ಯಾರಿಗೂ ಪುರುಸೊತ್ತಿಲ್ಲ. ವಯರಿಂಗ್ ಮಾಡುವವನನ್ನು ಮಾತ್ರ ಕರೆಯುವುದು ಎಲ್ಲ ಮುಗಿದ ಮೇಲೆ, ಬಣ್ಣ ಒಣಗಿ, ಬೋಟು ನೀರಿಗಿಳಿದ ಮೇಲೆ. ತೊಂದರೆ ಶುರುವಾಗುವುದೇ ಅಲ್ಲಿ. ನಾನು ಇವತ್ತು ಹೇಳಬೇಕೆಂದಿರುವ ಕೆಲಸದ ಮುಖ್ಯ ಭಾಗ ಇರುವುದು ನೀರಿನಡಿಯ ಆ ತಳದಲ್ಲಿ.

ವಯರಿಂಗಿನವನು ಬಂದಾಗ ಕೇಳುವ ಪ್ರಶ್ನೆ ಎಲ್ಲ ದಕ್ಕೆಯಲ್ಲೂ ಒಂದೇ: "ವಯರ್‌ಲೆಸ್ಸಿಗೆ ಅರ್ತ್ ಎಲ್ಲಿ ಕೊಡುವುದು ಮಾರಾಯ್ರೆ?" ಉತ್ತರವೂ ಬಹುಮಟ್ಟಿಗೆ ಒಂದೇ. ಸೆಟ್ಟಿನ ಹಿಂದಿನ ತಿರುಪಿಗೆ ಒಂದು ಹಸಿರು ವಯರ್ ಸಿಕ್ಕಿಸು, ಕೆಳಗೆ ಇಂಜಿನ್ನಿನ ಯಾವುದಾದರೂ ಬೋಲ್ಟಿಗೆ ಬಿಗಿ, ಮುಗಿಯಿತು. ನೋಡಿದವರಿಗೂ ಸಮಾಧಾನ, ಮಾಡಿದವನಿಗೂ ಸಮಾಧಾನ.

ನಾನಾದರೆ ಆ ಪ್ರಶ್ನೆಗೆ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಯಾವ ಕರೆಂಟಿಗಾಗಿ? ಮಾತು ದೂರ ಹೋಗಲಿ ಎಂದೇ? ಸಿಡಿಲು ಬಡಿದರೆ ಕಡಲಿಗೆ ಇಳಿದುಹೋಗಲಿ ಎಂದೇ? ಬ್ಯಾಟರಿಯಿಂದ ಹೊರಟ ಕರೆಂಟು ಬ್ಯಾಟರಿಗೆ ಮರಳಲಿ ಎಂದೇ? ಅಥವಾ ನೀರಿನಡಿಯ ಲೋಹಗಳು ಒಂದನ್ನೊಂದು ತಿನ್ನದಿರಲಿ ಎಂದೇ? ನಾಲ್ಕೂ ಬೇರೆ ಬೇರೆ ಕೆಲಸ. ಬೇಕಾಗುವ ತಂತಿ ಬೇರೆ, ಹೋಗಬೇಕಾದ ದಾರಿ ಬೇರೆ. ಒಂದಕ್ಕೆ ಒಳ್ಳೆಯದಾದದ್ದು ಇನ್ನೊಂದಕ್ಕೆ ಕೆಡುಕಾಗುವುದೂ ಉಂಟು. ಇಂಜಿನ್ ಬೋಲ್ಟಿನ ಹಸಿರು ವಯರ್ ಈ ನಾಲ್ಕರಲ್ಲಿ ಒಂದನ್ನೂ ನೆಟ್ಟಗೆ ಮಾಡುವುದಿಲ್ಲ.

ಮೊದಲು ಮಾತಿನ ವಿಷಯ. ನಮ್ಮ ಬೋಟುಗಳಲ್ಲಿರುವುದು ವಿ.ಎಚ್.ಎಫ್. ಸೆಟ್ಟು. ಅಪಾಯದ ಕರೆಗೆಂದು ಮೀಸಲಾದ ಚಾನೆಲ್ 16ರ ಆವರ್ತನ 156.8 ಮೆಗಾಹರ್ಟ್ಸ್. ಅದರ ಅಲೆಯ ಉದ್ದ ಸುಮಾರು 1.9 ಮೀಟರ್, ಅರ್ಧ ಅಲೆ ಎಂದರೆ ಒಂದು ಮೀಟರಿಗೆ ತುಸು ಕಡಿಮೆ. ಬೋಟಿಗೆಂದು ತಯಾರಾದ ಆಂಟೆನಾಗಳು ಸಾಮಾನ್ಯವಾಗಿ ಈ ಅರ್ಧ ಅಲೆಯ ಲೆಕ್ಕದವು. ಬುಡದಲ್ಲಿ ಅವಕ್ಕೆ ಬೇಕಾದ ಸುರುಳಿ ಇರುತ್ತದೆ, ತಮ್ಮೊಳಗೇ ಅವು ಪೂರ್ಣ. ಮರದ ಬೋಟಿನ ಮೇಲೆ ನಿಲ್ಲಿಸಿ, ಫೈಬರ್ ಬೋಟಿನ ಮೇಲೆ ನಿಲ್ಲಿಸಿ, ಅವಕ್ಕೆ ಕೆಳಗೆ ಅರ್ತ್ ಬೇಡ. ಮಾತು ದೂರ ಹೋಗಲೆಂದು ವಿ.ಎಚ್.ಎಫ್. ಸೆಟ್ಟಿಗೆ ಅರ್ತ್ ಕೊಡುವುದು ವ್ಯರ್ಥ ಶ್ರಮ. ಕಾರು, ಜೀಪಿನ ಆಂಟೆನಾ ಹಾಗಲ್ಲ. ಅದು ಕಾಲು ಅಲೆಯದು, ಅರ್ಧ ಮೀಟರಿನಷ್ಟು ಉದ್ದ. ಉಳಿದರ್ಧವನ್ನು ಅದು ವಾಹನದ ತಗಡಿನ ಮಾಡಿನಿಂದ ಪಡೆಯುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಅಂಥದನ್ನು ತಂದು ಮರದ ಕ್ಯಾಬಿನ್ನಿನ ಮೇಲೆ ಜಡಿದರೆ ಅದು ನೆಟ್ಟಗೆ ಕೆಲಸ ಮಾಡುವುದಿಲ್ಲ. ಆಗ ಎಷ್ಟು ಹಸಿರು ವಯರ್ ಎಳೆದರೂ ಅಷ್ಟೆ.

ಹಾಗಾದರೆ ಪಕ್ಕದ ಬೋಟಿನವರ ಮಾತು ಮೂವತ್ತು ಕಿಲೋಮೀಟರಿನಿಂದ ಕೇಳುತ್ತದೆ, ನಮ್ಮದು ಹತ್ತಕ್ಕೇ ನಿಲ್ಲುತ್ತದೆ, ಅದು ಯಾಕೆ? ಕಾರಣ ಹೆಚ್ಚಾಗಿ ಎರಡು. ಒಂದು ಎತ್ತರ. ಈ ಅಲೆಗಳು ಬಹುಪಾಲು ನೇರಕ್ಕೆ ಹೋಗುವಂಥವು. ಕಡಲಿನ ಬಾಗು ಅಡ್ಡ ಬಂದಲ್ಲಿ ನಿಲ್ಲುತ್ತವೆ. ಎರಡು ಬೋಟುಗಳ ಆಂಟೆನಾಗಳೂ ನೀರಿನಿಂದ 4 ಮೀಟರ್ ಮೇಲಿದ್ದರೆ ಸುಮಾರು 16 ಕಿಲೋಮೀಟರ್. ದಡದಲ್ಲಿ ನೂರು ಮೀಟರ್ ಎತ್ತರದ ಗೋಪುರದಲ್ಲಿ ಕೇಳುವವರಿದ್ದರೆ ಅದೇ ಬೋಟಿನಿಂದ 50ರ ಹತ್ತಿರ. ಸೆಟ್ಟಿನ ವಾಟ್ ಹೆಚ್ಚಿಸಿ ಈ ಲೆಕ್ಕವನ್ನು ಹಿಗ್ಗಿಸಲಾಗುವುದಿಲ್ಲ.

ಎರಡನೆಯದು ಕೇಬಲ್ಲು. ಸೆಟ್ಟು ಹೊರಡಿಸುವುದು ಹೆಚ್ಚೆಂದರೆ 25 ವಾಟ್. ತೆಳ್ಳಗಿನ ಆರ್‌ಜಿ 58 ಕೇಬಲ್ಲನ್ನು 30 ಮೀಟರ್ ಎಳೆದಿದ್ದರೆ ಆಂಟೆನಾ ಮುಟ್ಟುವ ಹೊತ್ತಿಗೆ ಉಳಿಯುವುದು ಆರು ವಾಟಿನಷ್ಟು. ಉಳಿದದ್ದು ಕೇಬಲ್ಲನ್ನೇ ಬಿಸಿ ಮಾಡಿ ಹೋಯಿತು. ದಪ್ಪನೆಯ ಆರ್‌ಜಿ 213 ಹಾಕಿದರೆ ಅದೇ ದೂರಕ್ಕೆ ಅರ್ಧದಷ್ಟಾದರೂ ಉಳಿಯುತ್ತದೆ. ಬೇಕಾದದ್ದು ಎಂಟು ಮೀಟರ್, ತಂದದ್ದು ಮೂವತ್ತು, ಉಳಿದದ್ದನ್ನು ಕತ್ತರಿಸುವುದು ಯಾಕೆಂದು ಸುರುಳಿ ಸುತ್ತಿ ಹಲಗೆಯ ಹಿಂದೆ ತುರುಕಿಡುವ ಚಟ ನಮ್ಮಲ್ಲಿದೆ. ಕತ್ತರಿಸಿ. ಉಳಿಸಿದ ಕೇಬಲ್ಲು ದುಡ್ಡಲ್ಲ, ನಷ್ಟ.

ಅದಕ್ಕಿಂತ ಕೆಟ್ಟದ್ದು ಉಪ್ಪುನೀರು. ಆಂಟೆನಾದ ಬುಡದಲ್ಲಿ ತಿರುಗಿಸಿ ಕೂರಿಸುವ ಪಿಎಲ್ 259 ಕನೆಕ್ಟರು ನೀರು ತಡೆಯುವಂಥದ್ದಲ್ಲ. ಅದರ ಸಂದಿಯಿಂದ ಒಳಗೆ ಹೊಕ್ಕ ನೀರು ಹೊರಗಿನ ತಂತಿಬಲೆಯನ್ನು ಹಿಡಿದು ಮೀಟರುಗಟ್ಟಲೆ ಒಳಕ್ಕೆ ಏರುತ್ತದೆ. ಸಿಪ್ಪೆ ಬಿಡಿಸಿ ನೋಡಿ: ತಾಮ್ರ ಮಿನುಗಬೇಕಾದ ಕಡೆ ಕಪ್ಪು, ಕೆಲವೊಮ್ಮೆ ಹಸಿರು. ಅಂಥ ಕೇಬಲ್ಲಿಗೆ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕುವುದು ಸಾಲದು, ಕೇಬಲ್ಲನ್ನೇ ಬದಲಿಸಬೇಕು. ಹೊಸದನ್ನು ಹಾಕುವಾಗ ಬೆಸುಗೆ ಸರಿಯಾಗಿರಲಿ. ಅದರ ಮೇಲೆ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಿ, ಅದರ ಮೇಲೆ ಮಾಮೂಲಿ ಕಪ್ಪು ಟೇಪು. "ಅರ್ತ್ ಸರಿ ಇಲ್ಲ" ಎಂದು ಬರುವ ದೂರುಗಳ ಬಹುಪಾಲು ಈ ಕನೆಕ್ಟರಿನಲ್ಲೇ ಮುಗಿಯುತ್ತವೆ ಎಂದು ನನ್ನ ಅಭಿಪ್ರಾಯ.

ಇನ್ನು ರೇಡಿಯೋಗೂ ಅರ್ತಿಗೂ ಸಂಬಂಧವೇ ಇಲ್ಲವೇ ಎಂದರೆ, ಇದೆ. ಅದರ ಹುಟ್ಟೇ ಅಲ್ಲಿಂದ. 1895ರಲ್ಲಿ ಇಟಲಿಯ ಬೊಲೋನ್ಯ ನಗರದ ಹತ್ತಿರ ತಂದೆಯ ಮನೆಯಲ್ಲಿ ಪ್ರಯೋಗ ಮಾಡುತ್ತಿದ್ದ ತರುಣ ಮಾರ್ಕೋನಿ, ತನ್ನ ಯಂತ್ರದ ಒಂದು ತುದಿಯನ್ನು ಎತ್ತರಕ್ಕೆ ಏರಿಸಿ ಇನ್ನೊಂದನ್ನು ನೆಲಕ್ಕೆ ಸೇರಿಸಿದ. ಅದುವರೆಗೆ ಕೆಲವು ನೂರು ಮೀಟರಿಗೆ ನಿಲ್ಲುತ್ತಿದ್ದ ಸಂಕೇತ ಗುಡ್ಡ ದಾಟಿ ಎರಡು ಕಿಲೋಮೀಟರಿನಷ್ಟು ಹೋಯಿತು. ಉದ್ದ ಅಲೆಗಳಿಗೆ ಇವತ್ತೂ ಅದೇ ನಿಯಮ. ದೊಡ್ಡ ಹಡಗುಗಳು ಅಪಾಯದ ಮಾತಿಗೆ ಬಹುಕಾಲ ಬಳಸಿದ 2182 ಕಿಲೋಹರ್ಟ್ಸಿನ ಅಲೆ 137 ಮೀಟರ್ ಉದ್ದ. ಕಾಲು ಅಲೆ ಎಂದರೂ 34 ಮೀಟರಿನ ಕಂಬ ಬೇಕು. ಅಷ್ಟು ಎತ್ತರದ ಕಂಬ ಯಾವ ಬೋಟಿನಲ್ಲಿದೆ? ಹಾಗಾಗಿ ಗಿಡ್ಡ ತಂತಿ ಕಟ್ಟಿ, ಬುಡದಲ್ಲಿ ಟ್ಯೂನರ್ ಇಟ್ಟು, ಉಳಿದ ಅರ್ಧವನ್ನು ಕಡಲಿನಿಂದ ಪಡೆಯುತ್ತಾರೆ. ಮಧ್ಯಮ ತರಂಗದಲ್ಲಿ ಬಾನುಲಿ ಕೇಳುವವರ ಪೆಟ್ಟಿಗೆಗೆ ದನಿ ಕಳಿಸುವ ಗೋಪುರಗಳ ಬುಡದಲ್ಲೂ ಮಣ್ಣಿನಡಿ ಸುತ್ತಲೂ ಹರಡಿದ ತಾಮ್ರದ ತಂತಿಗಳಿರುತ್ತವೆ, ಇದೇ ಕಾರಣಕ್ಕೆ.

ಇಂಥ ಉದ್ದ ಅಲೆಯ ಸೆಟ್ಟಿನ, ಅಂದರೆ ಎಚ್.ಎಫ್. ಸೆಟ್ಟಿನ ಅರ್ತಿಗೆ ತಂತಿಯಲ್ಲ, ತಾಮ್ರದ ಪಟ್ಟಿ ಬೇಕು, ಏಳೆಂಟು ಸೆಂಟಿಮೀಟರ್ ಅಗಲದ್ದು. ಇಂಥ ಆವರ್ತನದ ಕರೆಂಟು ಲೋಹದ ಮೇಲ್ಮೈಯಲ್ಲೇ ಹರಿಯುತ್ತದೆ. 2 ಮೆಗಾಹರ್ಟ್ಸಿಗೆ ತಾಮ್ರದಲ್ಲಿ ಅದು ಇಳಿಯುವ ಆಳ ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲು. ದಪ್ಪದಿಂದ ಪ್ರಯೋಜನವಿಲ್ಲ, ಅಗಲದಿಂದಿದೆ. ಇನ್ನೊಂದು ಸೋಜಿಗ: ಫೈಬರ್ ಬೋಟಿನ ಒಳಮೈಗೆ, ನೀರಿನ ಮಟ್ಟದ ಕೆಳಗೆ, ತಾಮ್ರದ ಹಾಳೆ ಅಂಟಿಸಿದರೆ ಸಾಕು. ತೂತು ಕೊರೆದು ನೀರು ಮುಟ್ಟಿಸಬೇಕಾಗಿಲ್ಲ. ರೇಡಿಯೋ ಆವರ್ತನದ ಕರೆಂಟಿಗೆ ನಡುವಿನ ಫೈಬರ್ ಅಡ್ಡಿಯಲ್ಲ, ಆಚೆಗಿನ ಉಪ್ಪುನೀರು ಅದಕ್ಕೆ ಸಿಕ್ಕುತ್ತದೆ. ನಮ್ಮ ಮೀನುಗಾರಿಕೆ ಬೋಟುಗಳಲ್ಲಿ ಇಂಥ ಸೆಟ್ಟು ಅಪರೂಪ, ಆದ್ದರಿಂದ ಇದನ್ನು ಇಲ್ಲಿಗೇ ಬಿಡುತ್ತೇನೆ. ಆದರೆ "ವಯರ್‌ಲೆಸ್ಸಿಗೆ ಅರ್ತ್ ಬೇಕೇ ಬೇಕು" ಎಂಬ ನಂಬಿಕೆ ನಮಗೆ ಬಂದದ್ದು ಆ ಕಾಲದಿಂದ, ಆ ಸೆಟ್ಟುಗಳಿಂದ.

ಈಗ ಸಿಡಿಲಿಗೆ ಬರೋಣ. ಅರ್ತಿನ ಮಾತು ನಿಜಕ್ಕೂ ಬೇಕಾಗುವುದು ಇಲ್ಲಿ. ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ. ಆಮೇಲೆ ಅಕ್ಟೋಬರ್, ನವೆಂಬರಿನ ಸಂಜೆಗಳು. ಬೋಟು ಹೊರಗಿರುವ ಕಾಲವೂ ಅದೇ. ಸುತ್ತ ಕಣ್ಣು ಹಾಯುವವರೆಗೆ ಚಪ್ಪಟೆ ನೀರು, ಅದರ ಮೇಲೆ ಎದ್ದು ನಿಂತದ್ದು ನಿಮ್ಮ ಕಂಬ, ಕಂಬದ ತುದಿಗೆ ಆಂಟೆನಾ.

ಈ ಸಂಕಟ ಹೊಸದಲ್ಲ. ಹಾಯಿ ಹಡಗುಗಳ ಕಾಲದಲ್ಲಿ ಬ್ರಿಟಿಷ್ ನೌಕಾಪಡೆ ಸಿಡಿಲಿಗೆಂದು ತಾಮ್ರದ ಸರಪಳಿ ಕೊಡುತ್ತಿತ್ತು. ಮೋಡ ಕಂಡಾಗ ಅದನ್ನು ಕಂಬದ ತುದಿಗೇರಿಸಿ, ಇನ್ನೊಂದು ತುದಿಯನ್ನು ಸಮುದ್ರಕ್ಕೆ ಬಿಡಬೇಕು. ಆದರೆ ಮೋಡ ಬರುವ ಹೊತ್ತಿಗೆ ನಾವಿಕರೆಲ್ಲ ಹಾಯಿ ಇಳಿಸುವ ಗಡಿಬಿಡಿಯಲ್ಲಿ. ಸರಪಳಿ ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತು. ಪ್ಲಿಮತ್ತಿನ ವೈದ್ಯ ವಿಲಿಯಂ ಸ್ನೋ ಹ್ಯಾರಿಸ್ ಇದಕ್ಕೆ ಬೇರೆ ಉಪಾಯ ಹೇಳಿದ. ಏರಿಸುವ ಇಳಿಸುವ ಗೊಡವೆಯೇ ಬೇಡ, ಕಂಬದ ಉದ್ದಕ್ಕೂ ತಾಮ್ರದ ಪಟ್ಟಿಯನ್ನು ಶಾಶ್ವತವಾಗಿ ಕೂರಿಸಿ, ಹಡಗಿನ ತಳದವರೆಗೆ ತಂದು, ಅಲ್ಲಿಂದ ಕಡಲಿಗೆ ಮುಟ್ಟಿಸುವುದು. ಸಿಡಿಲನ್ನು ಮದ್ದಿನ ಕೋಣೆಯಿರುವ ಹಡಗಿನ ಒಡಲೊಳಗೇ ತರುವುದೇ ಎಂದು ಎಷ್ಟೋ ಜನ ಹೌಹಾರಿದರು. 1831ರ ನವೆಂಬರಿನಲ್ಲಿ ಪ್ಲಿಮತ್ತಿನಲ್ಲಿ ಹ್ಯಾರಿಸ್ ಒಂದು ಪ್ರದರ್ಶನ ಕೊಟ್ಟ: ವಿದ್ಯುತ್ ಯಂತ್ರವೇ ಗುಡುಗಿನ ಮೋಡ, ನೀರು ತುಂಬಿದ ತೊಟ್ಟಿಯೇ ಕಡಲು, ಆಟಿಕೆಯ ಹಡಗೇ ಯುದ್ಧನೌಕೆ. ನೋಡಿದವರಲ್ಲಿ ಬೀಗಲ್ ಹಡಗು ಹೊರಡುವುದನ್ನೇ ಕಾಯುತ್ತಿದ್ದ ಇಪ್ಪತ್ತೆರಡರ ಯುವಕ ಚಾರ್ಲ್ಸ್ ಡಾರ್ವಿನ್ ಇದ್ದ. ತನ್ನ ದಿನಚರಿಯಲ್ಲಿ ಬರೆದಿಟ್ಟ. ಬೀಗಲ್ ಹಡಗಿಗೂ ಹ್ಯಾರಿಸನ ಪಟ್ಟಿಗಳನ್ನು ಕೂರಿಸಿದ್ದರು. ಆ ಪಯಣದಲ್ಲಿ ಸಿಡಿಲು ಬಡಿದರೂ ಹಡಗಿಗೆ ಹಾನಿಯಾಗಲಿಲ್ಲ. ಆ ಪ್ರದರ್ಶನದ ನಂತರವೂ ನೌಕಾಪಡೆ ಪೂರ್ತಿ ಒಪ್ಪಲು ಹತ್ತು ವರ್ಷದ ಮೇಲೆ ಬೇಕಾಯಿತು. ಸರಕಾರಿ ಕಡತಗಳ ವೇಗ ಎಲ್ಲ ಕಾಲದಲ್ಲೂ ಒಂದೇ ಇರಬೇಕು.

ಹ್ಯಾರಿಸ್ ಹೇಳಿದ್ದರ ತಿರುಳು ಇವತ್ತಿಗೂ ಬದಲಾಗಿಲ್ಲ. ಮೇಲಿನಿಂದ ಕೆಳಕ್ಕೆ ದಪ್ಪ ತಾಮ್ರ, ಆದಷ್ಟೂ ನೇರ ದಾರಿ, ಕೊನೆಯಲ್ಲಿ ನೀರು. ಈ ಮೂರನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಿಡಿಲಿನ ಮೊದಲ ಹೊಡೆತದಲ್ಲಿ ಸಾಮಾನ್ಯವಾಗಿ 30,000 ಆಂಪಿಯರ್ ಹರಿಯುತ್ತದೆ. ಅದಕ್ಕಿಂತ ಎಷ್ಟೋ ದೊಡ್ಡವೂ ಇವೆ. ಇದಕ್ಕೆ ತಾಮ್ರದ ತಂತಿ ಕನಿಷ್ಠ 21 ಚದರ ಮಿಲಿಮೀಟರಿನದು ಇರಬೇಕೆಂದು ಅಮೆರಿಕದ ದೋಣಿ ತಯಾರಿಕೆಯ ಮಾನದಂಡಗಳು ಹೇಳುತ್ತವೆ. ಮನೆಯಲ್ಲಿ ಬಲ್ಬಿಗೆ ಹೋಗುವ ವಯರ್ ಒಂದೂವರೆ ಚದರ ಮಿಲಿಮೀಟರಿನದು, ಸೆಟ್ಟಿನ ಹಿಂದಿನ ಆ ಹಸಿರು ವಯರೂ ಅಷ್ಟೇ. ಸಿಡಿಲು ಅದನ್ನು ಆವಿ ಮಾಡಿಬಿಡಬಹುದು. ಆಂಟೆನಾದ ಒಳಗಿನ ತಂತಿಯ ಗತಿಯೂ ಅದೇ. ಆದ್ದರಿಂದ ಆಂಟೆನಾವನ್ನೇ ಸಿಡಿಲುಗಂಬ ಎಂದು ನಂಬಬಾರದು. ಅದರ ತುದಿಗಿಂತ ಒಂದು ಗೇಣಾದರೂ ಮೇಲಕ್ಕೆ ಏರುವಂತೆ ಬೇರೆಯೇ ಒಂದು ಲೋಹದ ಸರಳು ಬೇಕು. ಕಂಬ ಕಬ್ಬಿಣದ್ದೋ ಸ್ಟೀಲಿನದ್ದೋ ಆದರೆ ಅದೇ ದಾರಿಯಾಗುತ್ತದೆ. ಮರದ ಕಂಬವಾದರೆ ಪಕ್ಕದಲ್ಲಿ ತಂತಿ ಇಳಿಸಬೇಕು. ಅಂಥ ಸರಳಿನ ರಕ್ಷಣೆ, ನಮ್ಮ ಬೋಟಿನ ಕಂಬಗಳ ಎತ್ತರಕ್ಕೆ ಹೇಳುವುದಾದರೆ, ಬುಡದಿಂದ ಸುತ್ತ ಅದರ ಎತ್ತರದಷ್ಟೇ ದೂರಕ್ಕೆ. ಮಧ್ಯದಲ್ಲಿ ಕಂಬವಿರುವ ಉದ್ದನೆಯ ಬೋಟಿನ ಎರಡು ತುದಿಗಳು ಆ ಸುತ್ತಿನ ಹೊರಗೆ ಉಳಿಯಬಹುದು, ಅಳೆದು ನೋಡಿ.

ದಾರಿ ನೇರ ಇರಬೇಕೆಂಬುದನ್ನು ನಮ್ಮ ಹುಡುಗರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಕರೆಂಟು ವಯರಿನಲ್ಲಿ ತಾನೆ ಹೋಗುವುದು, ವಯರ್ ಎಲ್ಲಿ ತಿರುಗಿದರೆ ಅದೂ ಅಲ್ಲಿ ತಿರುಗುತ್ತದೆ ಎಂದು ಅವರ ತರ್ಕ. ಬ್ಯಾಟರಿಯ ಕರೆಂಟಿಗೆ ಅದು ಸರಿ. ಸಿಡಿಲಿನ ಕರೆಂಟು ಸೊನ್ನೆಯಿಂದ ಸಾವಿರಾರು ಆಂಪಿಯರಿಗೆ ಏರುವುದು ಸೆಕೆಂಡಿನ ಹತ್ತು ಲಕ್ಷದಲ್ಲಿ ಕೆಲವೇ ಪಾಲು ಹೊತ್ತಿನಲ್ಲಿ. ಅಷ್ಟು ಬೇಗ ಬದಲಾಗುವ ಕರೆಂಟನ್ನು ತಂತಿಯೇ ಎದುರಿಸುತ್ತದೆ. ಪ್ರತಿ ಮೀಟರ್ ಉದ್ದಕ್ಕೆ ಹತ್ತು ಸಾವಿರ ವೋಲ್ಟಿನ ಆಸುಪಾಸು ಎದ್ದುಬಿಡುತ್ತದೆ, ಎಷ್ಟು ದಪ್ಪ ತಾಮ್ರವಾದರೂ. ಮೂಲೆಯಲ್ಲಿ ತಟ್ಟನೆ ಮಡಿಸಿದ ವಯರಿನಲ್ಲಿ ಸಿಡಿಲು ಶಿರಾಡಿ ಘಾಟಿಯ ತಿರುವಿಗೆ ವೇಗದಲ್ಲಿ ಬಂದ ಲಾರಿಯಂತೆ. ತಿರುಗುವುದಿಲ್ಲ, ತಡೆಗೋಡೆ ಹಾರುತ್ತದೆ. ಹಾರಿ ಹಿಡಿಯುವುದು ಹತ್ತಿರದ ಲೋಹವನ್ನು, ಇಲ್ಲವೇ ಆ ಲೋಹ ಹಿಡಿದು ನಿಂತವನನ್ನು. ಹಾಗಾಗಿ ಬಾಗಿಸಲೇಬೇಕಾದಲ್ಲಿ ಬಾಗು ಅಗಲವಾಗಿರಲಿ, 20 ಸೆಂಟಿಮೀಟರ್ ತ್ರಿಜ್ಯಕ್ಕೆ ಕಡಿಮೆ ಬೇಡ. ಈ ತಂತಿಯಿಂದ ಸುಮಾರು ಎರಡು ಮೀಟರಿನ ಒಳಗಿರುವ ದೊಡ್ಡ ಲೋಹದ ವಸ್ತುಗಳನ್ನು, ಡೀಸೆಲ್ ಟ್ಯಾಂಕು, ವಿಂಚು, ಕೈಕಂಬಿಗಳನ್ನು ತಾಮ್ರದಿಂದ ಇದಕ್ಕೆ ಜೋಡಿಸಿ. ಎಲ್ಲವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ನಡುವೆ ಕಿಡಿ ಹಾರಲು ಕಾರಣವಿರುವುದಿಲ್ಲ.

ಹಸಿರು ವಯರನ್ನು ಇಂಜಿನ್ನಿಗೆ ಬಿಗಿಯಬೇಡಿ ಎನ್ನುವುದಕ್ಕೆ ಇಲ್ಲಿ ಒಂದು ಕಾರಣ ಸಿಕ್ಕಿತು. ಆ ದಾರಿಯಲ್ಲಿ ಬಂದ ಸಿಡಿಲು ಇಂಜಿನ್, ಗೇರ್‌ಬಾಕ್ಸ್, ಶಾಫ್ಟು, ಪ್ರೊಪೆಲ್ಲರ್ ಎಂದು ಸುತ್ತಿ ನೀರಿಗೆ ಇಳಿಯಬೇಕು. ನಡುವೆ ಬೇರಿಂಗುಗಳಲ್ಲಿ ಎಣ್ಣೆಯ ತೆಳು ಪದರ ಇದೆ. ಅದನ್ನು ಕಿಡಿಯಾಗಿ ದಾಟುತ್ತದೆ, ಬೇರಿಂಗಿನ ಮೈ ಕೊರೆಯುತ್ತದೆ. ಸಿಡಿಲಿಗೆ ಅದರದೇ ದಾರಿ ಬೇಕು.

ಕೊನೆಯದು ನೀರು. ಉಪ್ಪುನೀರು ಕರೆಂಟು ಹರಿಸುತ್ತದೆ, ನಿಜ. ಆದರೆ ತಾಮ್ರ ಅದಕ್ಕಿಂತ ಒಂದು ಕೋಟಿ ಪಟ್ಟು ಚೆನ್ನಾಗಿ ಹರಿಸುತ್ತದೆ. ಸಣ್ಣ ಬೋಲ್ಟಿನ ತುದಿಯೊಂದು ನೀರು ಮುಟ್ಟಿದರೆ ಸಾಲದು. ಒಂದು ಚದರ ಅಡಿಯಷ್ಟಾದರೂ ಬರಿಯ ಲೋಹ, ಬಣ್ಣ ಬಳಿಯದ್ದು, ಬೋಟು ಎಷ್ಟು ಓಲಾಡಿದರೂ ನೀರಿನಲ್ಲೇ ಇರುವ ಜಾಗದಲ್ಲಿರಬೇಕು. ಕರೆಂಟು ಅಂಚುಗಳಿಂದ ಹೆಚ್ಚಾಗಿ ಹೊರಬೀಳುವುದರಿಂದ ಅದೇ ಅಳತೆಯ ತಾಮ್ರವನ್ನು ಚೌಕವಾಗಿ ಇಡುವ ಬದಲು ಉದ್ದ ಪಟ್ಟಿಯಾಗಿ ಹಾಕಿದರೆ ಇನ್ನೂ ಒಳ್ಳೆಯದು. ಸ್ಟೀಲ್ ಬೋಟಿನವರಿಗೆ ಈ ಚಿಂತೆಯಿಲ್ಲ. ಇಡೀ ತಳವೇ ಅವರ ತಗಡು. ಬಣ್ಣದ ತೆಳು ಪದರ ಸಿಡಿಲಿಗೆ ಲೆಕ್ಕಕ್ಕಿಲ್ಲ. ಕಷ್ಟ ಫೈಬರ್ ಮತ್ತು ಮರದ ಬೋಟುಗಳಿಗೆ. ದಾರಿ ಮಾಡಿಕೊಡದಿದ್ದರೆ ಸಿಡಿಲು ತಾನೇ ದಾರಿ ಮಾಡಿಕೊಳ್ಳುತ್ತದೆ, ನೀರಿನ ಮಟ್ಟದ ಹತ್ತಿರ ತಳ ತೂತಾಗುವುದು ಹೀಗೆಯೇ.

ನಮ್ಮ ಕರಾವಳಿಗೆ ಮಾತ್ರ ವಿಶೇಷವಾಗಿ ಹೇಳಬೇಕಾದ ಒಂದು ಮಾತು. ನಮ್ಮ ಬಂದರುಗಳು ಬಹುಪಾಲು ನದೀಮುಖದಲ್ಲಿವೆ. ನೇತ್ರಾವತಿ-ಗುರುಪುರ ಹೊಳೆಗಳು ಸೇರುವಲ್ಲಿ ಮಂಗಳೂರು, ಪಂಚಗಂಗಾವಳಿಯ ಬಾಯಲ್ಲಿ ಗಂಗೊಳ್ಳಿ, ಅಘನಾಶಿನಿಯಲ್ಲಿ ತದಡಿ, ಶರಾವತಿಯಲ್ಲಿ ಹೊನ್ನಾವರ. ಮಳೆಗಾಲದಲ್ಲೂ ಅದರ ಬೆನ್ನಿಗೂ ಅಲ್ಲಿ ಮೇಲೆ ಹರಿಯುವುದು ಸಿಹಿನೀರು. ಸಿಹಿನೀರು ಕರೆಂಟು ಹರಿಸುವುದು ಕಡಲಿನ ನೂರಾರರಲ್ಲೊಂದು ಪಾಲು. ಕಡಲಿನಲ್ಲಿ ಸಾಕಾಗುವ ಒಂದು ಚದರ ಅಡಿ ಹೊಳೆಯಲ್ಲಿ ಸಾಕಾಗುವುದಿಲ್ಲ. ದಕ್ಕೆಯಲ್ಲಿ ಕಟ್ಟಿದ ಬೋಟಿನೊಳಗೆ ಕುಳಿತು, ದಡ ಮುಟ್ಟಿಯಾಯಿತಲ್ಲ ಎಂದು ಗುಡುಗಿನ ಹೊತ್ತಿನಲ್ಲಿ ನಿಶ್ಚಿಂತರಾಗಬೇಡಿ. ಇಳಿದು ಪಕ್ಕಾ ಕಟ್ಟಡದೊಳಗೆ ಹೋಗಿ.

ಸಿಡಿಲು ನೇರ ಬಡಿಯದೆ ಪಕ್ಕದ ನೀರಿಗೆ ಬಿದ್ದರೂ ಕೇಬಲ್ಲಿನಲ್ಲಿ ವೋಲ್ಟು ಎದ್ದು ಸೆಟ್ಟು ಸುಡುವುದುಂಟು. ಅದಕ್ಕೆ ಕೇಬಲ್ಲು ಕ್ಯಾಬಿನ್ನಿನೊಳಗೆ ಬರುವ ಜಾಗದಲ್ಲಿ ಲೈಟ್ನಿಂಗ್ ಅರೆಸ್ಟರ್ ಎಂಬ ಸಣ್ಣ ಡಬ್ಬಿ ಹಾಕುತ್ತಾರೆ. ಅದರೊಳಗಿನ ಗ್ಯಾಸ್ ಕೊಳವೆ ವೋಲ್ಟು ಮಿತಿ ಮೀರಿದಾಗ ಹೊತ್ತಿಕೊಂಡು ಕರೆಂಟನ್ನು ಬದಿಗೆ ತಿರುಗಿಸುತ್ತದೆ. ಬದಿಗೆ ಎಂದರೆ ಎಲ್ಲಿಗೆ? ಡಬ್ಬಿಯ ಮೈಯಿಂದ ಮುಖ್ಯ ಸಿಡಿಲು ತಂತಿಗೆ ಗಿಡ್ಡವಾದ, ದಪ್ಪನೆಯ ಜೋಡಣೆ ಇದ್ದರೆ ಅಲ್ಲಿಗೆ. ಅದಿಲ್ಲದ ಅರೆಸ್ಟರ್ ಇದ್ದೂ ಇಲ್ಲದಂತೆ. ಜೋಡಣೆ ಇದ್ದರೂ ನೇರ ಹೊಡೆತಕ್ಕೆ ಸೆಟ್ಟು ಉಳಿದೀತೆಂದು ನಾನು ಮಾತು ಕೊಡಲಾರೆ. ಜನ ಉಳಿಯಬೇಕು, ಬೋಟು ಮುಳುಗಬಾರದು, ಲೆಕ್ಕ ಅಷ್ಟಕ್ಕೆ.

ಗುಡುಗು ದೂರದಲ್ಲಿರುವಾಗಲೇ ಆಂಟೆನಾ ಕೇಬಲ್ಲನ್ನು ಸೆಟ್ಟಿನಿಂದ ಬಿಚ್ಚಿಡುವುದು ಒಳ್ಳೆಯದು. ಮೋಡ ತಲೆಯ ಮೇಲೆ ಬಂದಾಗ ಕೈ ಹಾಕುವುದು ಬೇಡವೇ ಬೇಡ. ಬಿಚ್ಚಿದ ತುದಿಯನ್ನು ಚುಕ್ಕಾಣಿ ಹಿಡಿದವನ ತೊಡೆಯ ಪಕ್ಕ ನೇತಾಡಲು ಬಿಡಬೇಡಿ. ಒಂದು ಕೈ ಲೋಹದ ಚಕ್ರದ ಮೇಲೆ, ಇನ್ನೊಂದು ಕೈಯಲ್ಲಿ ಮೈಕು, ಈ ಭಂಗಿ ಆಗ ಸಲ್ಲ. ಕೈಯಲ್ಲಿ ಹಿಡಿಯುವ ಸಣ್ಣ ವಿ.ಎಚ್.ಎಫ್. ಸೆಟ್ಟು ಇದ್ದರೆ ಅದನ್ನೂ ಮೊಬೈಲನ್ನೂ ಅನ್ನ ಬೇಯಿಸುವ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹಾಕಿ ಮುಚ್ಚಳ ಮುಚ್ಚಿಡಿ. ನಗಬೇಡಿ, ಸುತ್ತಲೂ ಲೋಹವಿರುವ ಜಾಗದೊಳಕ್ಕೆ ಸಿಡಿಲಿನ ಪ್ರಭಾವ ಹೊಗುವುದು ಬಹಳ ಕಡಿಮೆ. ಕ್ಯಾಬಿನ್ನಿನ ಸೆಟ್ಟು ಸತ್ತರೂ ಕೈಯ ಸೆಟ್ಟು ಉಳಿದಿರುತ್ತದೆ.

ಇಷ್ಟು ಕೇಳಿದ ಮೇಲೆ ಉತ್ಸಾಹದಲ್ಲಿ ತಾಮ್ರದ ತಗಡು ತಂದು ಬೋಟಿನ ತಳಕ್ಕೆ ಜಡಿದು, ಕಂಡ ಕಂಡ ಲೋಹವನ್ನೆಲ್ಲ ಅದಕ್ಕೆ ಜೋಡಿಸಿದಿರೋ, ಇನ್ನೊಂದು ಕಾಟ ಎದುರಾಗುತ್ತದೆ. ಇದಕ್ಕೂ ಹಳೆಯ ಕತೆಯಿದೆ. 1761ರಲ್ಲಿ ಅಲಾರ್ಮ್ ಎಂಬ ಬ್ರಿಟಿಷ್ ಯುದ್ಧನೌಕೆಯ ತಳಕ್ಕೆ ಮರಕೊರಕ ಹುಳಗಳ ಕಾಟ ತಪ್ಪಿಸಲು ತಾಮ್ರದ ಹಾಳೆ ಹೊದಿಸಿದರು. ಎರಡು ವರ್ಷದ ಮೇಲೆ ನೋಡಿದರೆ ತಾಮ್ರ ಚೆನ್ನಾಗಿದೆ, ಅದನ್ನು ಹಿಡಿದ ಕಬ್ಬಿಣದ ಮೊಳೆಗಳು ಕರಗಿಹೋಗಿವೆ. ಎಲ್ಲೋ ಕೆಲವು ಮೊಳೆ ಮಾತ್ರ ಉಳಿದಿದ್ದವು: ಅವುಗಳ ಮತ್ತು ತಾಮ್ರದ ನಡುವೆ, ಹಾಳೆ ಸುತ್ತಿ ಬಂದ ಕಂದು ಕಾಗದ ತೆಗೆಯದೆ ಉಳಿದುಬಿಟ್ಟಿತ್ತು. ಕಾರಣ ತಿಳಿಯಲು ವಿದ್ಯುತ್ ಕೋಶದ ಶಾಸ್ತ್ರ ಹುಟ್ಟಬೇಕಾಯಿತು. ಉಪ್ಪುನೀರಿನಲ್ಲಿ ಎರಡು ಬೇರೆ ಲೋಹಗಳಿದ್ದು, ನೀರಿನ ಹೊರಗೆ ಅವನ್ನು ತಂತಿ ಕೂಡಿಸಿದರೆ ಅದೇ ಒಂದು ಬ್ಯಾಟರಿ. ಕೆಳದರ್ಜೆಯ ಲೋಹ ಕರಗುತ್ತದೆ. 1824ರಲ್ಲಿ ಹಂಫ್ರಿ ಡೇವಿ ಇದನ್ನೇ ತಿರುಗಿಸಿ ಬಳಸಿದ: ತಾಮ್ರಕ್ಕೆ ಸತುವಿನ ಇಲ್ಲವೇ ಕಬ್ಬಿಣದ ತುಂಡು ಜೋಡಿಸಿದರೆ ತಾಮ್ರ ಉಳಿಯುತ್ತದೆ, ತುಂಡು ಸವೆಯುತ್ತದೆ. ಅವನ ಲೆಕ್ಕ ಸರಿಯೇ ಇತ್ತು. ಆದರೆ ತಾಮ್ರ ಸವೆಯುವುದು ನಿಂತಾಗ, ಕಡಲಚಿಪ್ಪುಗಳನ್ನು ಓಡಿಸುತ್ತಿದ್ದ ಅದರ ವಿಷವೂ ನಿಂತಿತು. ತಳದ ತುಂಬ ಚಿಪ್ಪು, ಪಾಚಿ. ನೌಕಾಪಡೆ ಆ ಪ್ರಯೋಗ ಕೈಬಿಟ್ಟಿತು. ನಿಮ್ಮ ಬೋಟಿನ ಪ್ರೊಪೆಲ್ಲರಿನ ಬಳಿ ಬಿಗಿದಿರುವ ಸತುವಿನ ತುಂಡು ಡೇವಿಯ ಆ ತುಂಡಿನ ಮೊಮ್ಮಗ.

ಅದಕ್ಕೇ ಹೇಳುವುದು: ಸ್ಟೀಲ್ ಬೋಟಿನ ತಳಕ್ಕೆ ತಾಮ್ರದ ತಗಡು ಎಂದೂ ಬೇಡ. ಫೈಬರ್ ಬೋಟಿನಲ್ಲಿ ತಗಡನ್ನು ಶಾಫ್ಟು, ಚುಕ್ಕಾಣಿಗಳ ಜೊತೆ ಜೋಡಿಸಿದರೆ ಸತುವಿನ ತುಂಡು ಬೇಗ ಸವೆಯುತ್ತದೆ. ಅರ್ಧ ಸವೆದಾಗಲೇ ಬದಲಿಸಿ, ಅದರ ಮೇಲೆ ಬಣ್ಣ ಬಳಿಯಬೇಡಿ. ಮರದ ಬೋಟಿನಲ್ಲಿ ಸತು ಅತಿಯಾದರೂ ಕೇಡು. ರಕ್ಷಣೆ ಪಡೆದ ಬೋಲ್ಟಿನ ಸುತ್ತ ಕ್ಷಾರ ಉಂಟಾಗಿ ಮರದ ನಾರು ಬಿಡಿಸಿಕೊಳ್ಳುತ್ತದೆ. ಬೋಲ್ಟಿನ ತಲೆಯ ಸುತ್ತ ಬಿಳಿ ಪುಡಿ, ಒತ್ತಿದರೆ ಮೆತ್ತಗಾಗುವ ಹಲಗೆ ಕಂಡರೆ ಅದೇ. ಎಚ್.ಎಫ್. ಸೆಟ್ಟಿನವರಿಗೆ ಇಲ್ಲೊಂದು ಅನುಕೂಲವಿದೆ: ತಾಮ್ರದ ಪಟ್ಟಿಯನ್ನು ಒಂದು ಕಡೆ ಕತ್ತರಿಸಿ, ಆ ಸಂದಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರುಗಳನ್ನು ಬೆಸೆದರೆ ರೇಡಿಯೋ ಕರೆಂಟು ದಾಟುತ್ತದೆ, ಲೋಹ ತಿನ್ನುವ ನೇರ ಕರೆಂಟು ನಿಲ್ಲುತ್ತದೆ. ಸಿಡಿಲು ತಂತಿಯಲ್ಲಿ ಈ ಉಪಾಯ ಮಾಡುವಂತಿಲ್ಲ.

ಇನ್ನು ಬ್ಯಾಟರಿಯ ನೆಗೆಟಿವ್. ಸೆಟ್ಟಿಗೆ ಪಾಸಿಟಿವ್, ನೆಗೆಟಿವ್ ಎರಡು ವಯರೂ ಜೋಡಿಯಾಗಿ ಬ್ಯಾಟರಿಯಿಂದಲೇ ಬರಬೇಕು. ನೆಗೆಟಿವ್ ಎಲ್ಲಾದರೇನು, ಬೋಟಿನ ಮೈಯಿಂದಲೇ ತೆಗೆದರಾಯಿತು ಎನ್ನುವುದು ಲಾರಿಯ ಪದ್ಧತಿ. ಸ್ಟೀಲ್ ಬೋಟಿನಲ್ಲಿ ಒಂದು ಕಣ್ಣಿಗೆ ಬೀಳದ ಕಿತಾಪತಿ ನಡೆಯುತ್ತದೆ, ಕೇಳಿ. ಸಾಮಾನ್ಯವಾಗಿ ಸೆಟ್ಟಿನೊಳಗೆ ನೆಗೆಟಿವ್ ವಯರೂ ಆಂಟೆನಾ ಕೇಬಲ್ಲಿನ ಹೊರ ಬಲೆಯೂ ಕೂಡಿರುತ್ತವೆ. ಆಂಟೆನಾದ ಬುಡ ಲೋಹದ ಕಂಬಕ್ಕೆ ತಾಗಿದೆ, ಕಂಬ ತಳಕ್ಕೆ, ತಳ ಇಂಜಿನ್ನಿಗೆ, ಇಂಜಿನ್ ಬ್ಯಾಟರಿಗೆ. ಒಂದು ದಿನ ಸೆಟ್ಟಿನ ನೆಗೆಟಿವ್ ವಯರ್ ತುಕ್ಕು ಹಿಡಿದು ತುಂಡಾದರೂ ಸೆಟ್ಟು ನಿಲ್ಲುವುದಿಲ್ಲ. ಕರೆಂಟು ಕೇಬಲ್ಲಿನ ಬಲೆ ಹಿಡಿದು ಕಂಬಕ್ಕೇರಿ, ಬೋಟಿನ ಮೈಯಲ್ಲಿ ಸುತ್ತಿ ಬ್ಯಾಟರಿ ಸೇರುತ್ತದೆ. ದೀಪ ಉರಿಯುತ್ತದೆ, ಮಾತು ಕೇಳುತ್ತದೆ, ಯಾರಿಗೂ ಸಂಶಯವಿಲ್ಲ. ಆ ದಾರಿಯ ಎಲ್ಲ ಜೋಡಣೆಗಳೂ ಮೆಲ್ಲಮೆಲ್ಲನೆ ಕೊರೆದುಹೋಗುತ್ತಿರುತ್ತವೆ. ಆಂಟೆನಾದ ಬುಡಕ್ಕೆ ನೈಲಾನಿನ ಹಿಡಿಕೆ ಹಾಕಿ ಕಂಬದಿಂದ ಬೇರ್ಪಡಿಸಿದರೆ ಈ ಸುತ್ತು ಕಡಿಯುತ್ತದೆ. ಆದರೆ ಅರೆಸ್ಟರ್ ಹಾಕಿದ್ದರೆ ಅದರ ಮೈಯ ಮೂಲಕ ಅದೇ ಸುತ್ತು ಮತ್ತೆ ಕೂಡುತ್ತದೆ. ಹಾಗಾಗಿ ಸ್ಟೀಲ್ ಬೋಟಿನವರು ಕೇಬಲ್ಲಿನ ಹೊರ ಬಲೆಯಿಂದ ಬೋಟಿನ ಮೈಗೆ ನೇರ ಕರೆಂಟು ಹರಿಯದಂತೆ ತಡೆಯುವ ಜಾತಿಯ ಅರೆಸ್ಟರನ್ನೇ ಕೇಳಿ ತನ್ನಿ.

ಪರೀಕ್ಷೆ ಮಾಡುವುದು ಸುಲಭ. ಸೆಟ್ಟು ಚಾಲೂ ಇಟ್ಟು, ಅದರ ನೆಗೆಟಿವ್ ವಯರನ್ನು ಬ್ಯಾಟರಿಯ ಕಡೆಯಲ್ಲಿ ಬಿಚ್ಚಿ. ಸೆಟ್ಟು ಆರಿಹೋದರೆ ಸರಿ ಇದೆ. ಉರಿಯುತ್ತಲೇ ಇದ್ದರೆ ಕರೆಂಟಿಗೆ ಕಳ್ಳದಾರಿ ಇದೆ, ಹುಡುಕಬೇಕು. ಹೀಗೆ ನೋಡುವಾಗ ಮೈಕಿನ ಗುಂಡಿ ಒತ್ತಬೇಡಿ, ಆ ಕಳ್ಳದಾರಿಯಲ್ಲಿ ಐದಾರು ಆಂಪಿಯರ್ ಹರಿಸುವುದು ಬೇಡ. ಇನ್ನೊಂದು, ಮಲ್ಟಿಮೀಟರ್ ಹಿಡಿದು ಆಂಟೆನಾ ಪರೀಕ್ಷಿಸುವ ಹುಡುಗರಿಗೆ. ಕನೆಕ್ಟರಿನ ನಡುವಿನ ಮುಳ್ಳಿಗೂ ಹೊರಮೈಗೂ ಮೀಟರ್ ಹಿಡಿದಾಗ ಶಾರ್ಟ್ ತೋರಿಸಿತೆಂದು ಒಳ್ಳೆಯ ಆಂಟೆನಾವನ್ನು ಎಸೆಯಬೇಡಿ. ಬಹಳ ಆಂಟೆನಾಗಳ ಬುಡದ ಸುರುಳಿ ಬ್ಯಾಟರಿ ಕರೆಂಟಿಗೆ ಶಾರ್ಟ್ ಆಗಿಯೇ ಇರುತ್ತದೆ, 156 ಮೆಗಾಹರ್ಟ್ಸಿಗೆ ಅಲ್ಲ. ಆಂಟೆನಾದ ಜೊತೆ ಬಂದ ಕಾಗದದಲ್ಲಿ ಅದು ಯಾವ ಬಗೆಯದೆಂದು ಬರೆದಿರುತ್ತದೆ. ಆಂಟೆನಾ ಬಿಚ್ಚಿ, ಬರಿ ಕೇಬಲ್ಲನ್ನು ಅಳೆದಾಗಲೂ ಶಾರ್ಟ್ ತೋರಿಸಿದರೆ ಕೇಬಲ್ಲು ಕೆಟ್ಟಿದೆ ಎಂದರ್ಥ.